ಒದ್ದೆಯಾಗಿ ವಾಪಸ್ ಬಂದ ಕರಡಿ ವೇಷ: ನರ್ಸರಿ ಶಾಲೆಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ತುಮಕೂರು ನಗರದಲ್ಲಿ ನರ್ಸರಿ, ಎಲ್‌ಕೆಜಿ, ಯುಕೆಜಿ ನಡೆಸುತ್ತಿರುವ ಶಾಲೆಗಳ ಮುಖ್ಯ ಶಿಕ್ಷಕಿಯರು ಮತ್ತು ಆಡಳಿತ ಮಂಡಳಿಯವರು

ವಿಷಯ: ಪುಟ್ಟ ಮಕ್ಕಳ ಫ್ಯಾನ್ಸಿ ಡ್ರೆಸ್ ದಿನಗಳನ್ನು ನಡೆಸುವ ರೀತಿ ಬದಲಿಸಬೇಕೆಂದು ಮನವಿ

ಮಾನ್ಯರೇ,

ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಮುಖಪರಿಚಯ ಇರಲಿಕ್ಕಿಲ್ಲ. ನನ್ನ ಅಂಗಡಿಯ ಬಟ್ಟೆಗಳ ಪರಿಚಯ ಮಾತ್ರ ಖಂಡಿತ ಇದೆ. ನಿಮ್ಮ ಶಾಲೆಯ ಗೋಡೆಯ ಮೇಲಿನ ಫೋಟೊಗಳಲ್ಲಿ ನವಿಲುಗರಿಯ ಕೃಷ್ಣ, ತ್ರಿವರ್ಣ ಸೀರೆಯ ಭಾರತಮಾತೆ, ಬಿಳಿ ಕೋಟಿನ ಡಾಕ್ಟರು, ಸ್ಪಂಜಿನ ಟೊಮೆಟೊ ಇದ್ದರೆ ಅವುಗಳಲ್ಲಿ ಕೆಲವನ್ನಾದರೂ ಹೊಲಿದವಳು ನಾನು, ಒಗೆದು ಇಸ್ತ್ರಿ ಮಾಡಿ ಮಡಿಸಿಟ್ಟವಳೂ ನಾನೇ.

ನಮ್ಮದು ಮೂಲದಲ್ಲಿ ಡ್ರಾಮಾ ಸೀನರಿ ಅಂಗಡಿ. ನಮ್ಮ ಮಾವನವರು ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಕಿರೀಟ, ಭುಜಕೀರ್ತಿ, ಗದೆ, ಪರದೆ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಿದ್ದರು. ನಾನು ಸೊಸೆಯಾಗಿ ಬಂದು ಹೊಲಿಗೆ ಮಿಷನ್ನಿನ ಮುಂದೆ ಕೂತು 31 ವರ್ಷವಾಯಿತು. ಹಳ್ಳಿಗಳಲ್ಲಿ ಈಗಲೂ ನಾಟಕ ಆಡುತ್ತಾರೆ, ಜಾತ್ರೆ ಬಂದರೆ ದುರ್ಯೋಧನನ ಕಿರೀಟ ಹೊರಗೆ ಹೋಗಿಬರುತ್ತದೆ. ಆದರೆ ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು, ನಮ್ಮ ಮನೆಯ ಅನ್ನ ಇವತ್ತು ಹುಟ್ಟುತ್ತಿರುವುದು ಮೂರರಿಂದ ಆರು ವರ್ಷದ ಮಕ್ಕಳ ವೇಷಗಳಿಂದ. ಈ ಪತ್ರ ಬರೆದರೆ ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಂಡ ಹಾಗೆ ಎಂದು ಮನೆಯಲ್ಲಿ ಹೇಳಿದರು. ಎರಡು ತಿಂಗಳು ಯೋಚನೆ ಮಾಡಿದೆ. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದಿವೆ, ಇಡೀ ವರ್ಷ ಯಾವ ದಿನಕ್ಕೆ ಯಾವ ವೇಷ ಎಂಬ ಪಟ್ಟಿ ನಿಮ್ಮ ಮೇಜಿನ ಮೇಲೆ ತಯಾರಾಗುವ ಹೊತ್ತು ಇದು. ಈಗ ಹೇಳದಿದ್ದರೆ ಇನ್ನೊಂದು ವರ್ಷ ಹೋಗುತ್ತದೆ ಎಂದು ಬರೆಯುತ್ತಿದ್ದೇನೆ.

ಕಳೆದ ಜುಲೈನಲ್ಲಿ ಒಂದು ಶಾಲೆಯವರು ಕಾಡುಪ್ರಾಣಿಗಳ ದಿನ ಇಟ್ಟುಕೊಂಡಿದ್ದರು. ಹುಲಿ, ಸಿಂಹ, ಕರಡಿ, ಮೊಲ ಸೇರಿ ನನ್ನಲ್ಲಿದ್ದ ಪ್ರಾಣಿ ವೇಷಗಳೆಲ್ಲ ಖಾಲಿಯಾದವು. ಅವತ್ತು ಸಂಜೆ ಐದರ ಸುಮಾರಿಗೆ ಒಬ್ಬ ತಾಯಿ ಬಂದರು. ಕೈಯಲ್ಲಿ ಕಪ್ಪು ಕವರು, ಅದಕ್ಕೆ ಎರಡು ಗಂಟು. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಇದ್ದರೆಂದು ಮೆಟ್ಟಿಲ ಪಕ್ಕದಲ್ಲೇ ನಿಂತುಕೊಂಡರು. ಎಲ್ಲರೂ ಹೋದ ಮೇಲೆ ಒಳಗೆ ಬಂದು ತಗ್ಗಿದ ದನಿಯಲ್ಲಿ, 'ಅಕ್ಕಾ, ಒಗೆಯೋಕೆ ಎಷ್ಟಾಗುತ್ತೋ ಹೇಳಿ, ಕೊಟ್ಟುಬಿಡ್ತೀನಿ' ಅಂದರು. ಕವರು ಬಿಚ್ಚುವ ಮುಂಚೆಯೇ ನನಗೆ ವಾಸನೆಯಿಂದ ಗೊತ್ತಾಯಿತು. ಕರಡಿ ವೇಷ ಸೊಂಟದಿಂದ ಪಾದದವರೆಗೆ ತೊಯ್ದಿತ್ತು.

ಆ ಹುಡುಗನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ವೇಷ ತೊಡಿಸಿ ಶಾಲೆಗೆ ಬಿಟ್ಟಿದ್ದಾರೆ. ಕಾರ್ಯಕ್ರಮ ಶುರುವಾಗಿದ್ದು ಹತ್ತೂಮುಕ್ಕಾಲಿಗೆ, ಅತಿಥಿಗಳು ಬರುವುದು ತಡವಾಯಿತಂತೆ. ಅಲ್ಲಿಯವರೆಗೂ ಮಕ್ಕಳು ಸಾಲಿನಲ್ಲಿ. ಕರಡಿ ವೇಷಕ್ಕೆ ಜಿಪ್ ಇರುವುದು ಬೆನ್ನಿಗೆ, ತಲೆಯ ಮೇಲಿನ ಮುಸುಕೂ ಅದಕ್ಕೇ ಹೊಲಿದದ್ದು. ಮಗು ಎರಡು ಸಲ 'ಮಿಸ್, ಸುಸು' ಅಂದಿದೆ. ಮೂವತ್ತೆಂಟು ಮಕ್ಕಳಿಗೆ ಇಬ್ಬರು ಮಿಸ್, ಒಬ್ಬರು ಆಯಾ. ಅವರನ್ನು ದೂರಿ ಏನು ಪ್ರಯೋಜನ? ಅವರ ಕೈಯಲ್ಲಿ ಅದೇ ಹೊತ್ತಿಗೆ ಅಳುತ್ತಿದ್ದ ಒಂದು ಮೊಲ, ಕಿರೀಟ ಜಾರುತ್ತಿದ್ದ ಒಂದು ಸಿಂಹ. ಈ ಮಗುವಿನ ಹೆಸರು ಕೂಗಿ ವೇದಿಕೆಗೆ ಹತ್ತಿಸಿದಾಗ ಅಲ್ಲೇ, ಎಲ್ಲರ ಎದುರಿಗೇ ಆಗಿಹೋಗಿದೆ. ಮುಂದೆ ಕೂತಿದ್ದ ಮಕ್ಕಳು 'ಕರಡಿ ಸುಸು ಮಾಡ್ತು' ಎಂದು ಚಪ್ಪಾಳೆ ತಟ್ಟಿದ್ದಾರೆ. ಅವು ಮಕ್ಕಳು, ಅವಕ್ಕೇನು ಗೊತ್ತು. ಮೊಬೈಲ್ ಎತ್ತಿ ಹಿಡಿದಿದ್ದ ದೊಡ್ಡವರೂ ನಕ್ಕಿದ್ದಾರೆ. ಆಮೇಲೆ ಆ ಹುಡುಗ ಮೂರು ದಿನ ಶಾಲೆಯ ಗೇಟು ಕಂಡರೆ ಸಾಕು, ಅಮ್ಮನ ಸೆರಗು ಬಿಡಲಿಲ್ಲವಂತೆ.

ನಾನು ಆ ತಾಯಿಯಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಮುಖವೂ ನನಗಿರಲಿಲ್ಲ. ಏಕೆಂದರೆ ಬೆನ್ನಿಗೆ ಜಿಪ್ ಇಟ್ಟು ಆ ವೇಷ ಹೊಲಿದವಳು ನಾನು. ಮುಂದೆ ಜಿಪ್ ಇದ್ದರೆ ಕರಡಿಯ ಹೊಟ್ಟೆ ಚೆನ್ನಾಗಿ ಕಾಣುವುದಿಲ್ಲ ಎಂದು ಹಾಗೆ ಮಾಡಿದ್ದೆ. ಫೋಟೊದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ನೋಡಿದೆ, ಒಳಗಿರುವ ಮಗುವಿನ ಅವಸರ ನೋಡಲಿಲ್ಲ. ಆ ವಾರವೇ ಅಂಗಡಿಯಲ್ಲಿದ್ದ ಪ್ರಾಣಿ ವೇಷಗಳನ್ನೆಲ್ಲ ಬಿಚ್ಚಿದೆ. ಮೇಲಂಗಿ ಬೇರೆ, ಎಲಾಸ್ಟಿಕ್ ಚಡ್ಡಿ ಬೇರೆ ಮಾಡಿ ಹೊಲಿದೆ. ಆದರೆ ಇದು ಒಂದು ಅಂಗಡಿ, ಒಂದು ವೇಷ ಸರಿಪಡಿಸಿದರೆ ಮುಗಿಯುವ ವಿಷಯವಲ್ಲ ಎಂಬುದು ಮುಂದಿನ ತಿಂಗಳು ಇನ್ನೂ ಚೆನ್ನಾಗಿ ಅರ್ಥವಾಯಿತು.

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂತು, ಮರುದಿನವೇ ಗೋಕುಲಾಷ್ಟಮಿ. ಎರಡಕ್ಕೂ ವೇಷ. ಸೋಮವಾರ ವಾಪಸ್ ಬಂದ ರಾಶಿಯನ್ನು ಒಗೆಯಲು ವಿಂಗಡಿಸುತ್ತಿದ್ದಾಗ ಒದ್ದೆಯಾಗಿ ಒಣಗಿದ ಹನ್ನೊಂದು ಪಂಚೆ, ಪೈಜಾಮ, ಲಂಗ ಸಿಕ್ಕವು. ಬೇರೆ ಗುರುತುಗಳೂ ಇದ್ದವು. ನೆಹರು ಕೋಟಿನ ಕಾಲರಿಗೆ ಕಾಡಿಗೆಯ ಗೆರೆ, ಅಂದರೆ ಆ ಮಗು ಅತ್ತು ಭುಜಕ್ಕೆ ಮುಖ ಒರೆಸಿಕೊಂಡಿದೆ. ರಾಧೆಯ ರವಿಕೆಯ ತೋಳಿನ ಹೊಲಿಗೆ ಹರಿದಿತ್ತು, ಯಾರೋ ಕೈ ಹಿಡಿದು ಎಳೆದರೆ ಮಾತ್ರ ಆ ಜಾಗ ಹಾಗೆ ಹರಿಯುತ್ತದೆ. ಕೃಷ್ಣನ ಕಿರೀಟದ ಒಳಗಿನ ಎಲಾಸ್ಟಿಕ್ಕಿಗೆ ನಾಲ್ಕಾರು ಎಳೆ ಮೆತ್ತನೆಯ ಕೂದಲು ಸುತ್ತಿಕೊಂಡಿದ್ದವು. ನೀವು ನೋಡುವುದು ವೇದಿಕೆಯ ಮೇಲಿನ ಎರಡು ನಿಮಿಷ. ಉಳಿದ ನಾಲ್ಕು ಗಂಟೆ ಹೇಗಿತ್ತೆಂದು ನನಗೆ ಹೇಳುವುದು ಈ ಬಟ್ಟೆಗಳು.

ಚರ್ಮದ ವಿಷಯವನ್ನೂ ಹೇಳಿಬಿಡುತ್ತೇನೆ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ಮು ದೊಡ್ಡವರ ನಾಟಕಕ್ಕೆ ಇರುವ ವಸ್ತು. ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು ಅದು. ಗಡ್ಡ ಮೀಸೆ ಬೋಳಿಸಿದ ಗಟ್ಟಿ ಚರ್ಮದ ದುರ್ಯೋಧನನಿಗೇ ಕೀಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ಸಂಗೊಳ್ಳಿ ರಾಯಣ್ಣನ ಮೀಸೆಗೆಂದು ನಾಲ್ಕು ವರ್ಷದ ಮಗುವಿನ ಮೇಲ್ದುಟಿಗೆ ಹಚ್ಚುತ್ತಾರೆ. ನಾನು ಮಕ್ಕಳಿಗೆ ಗಮ್ಮು ಮಾರುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು, ಬೇರೆ ಕಡೆಯಿಂದ ತಂದು ಹಚ್ಚುತ್ತಾರೆ. ಇನ್ನು 'ಸ್ವಲ್ಪ ಕಪ್ಪಗಿದ್ದಾಳೆ, ಬೆಳ್ಳಗೆ ಕಾಣೋ ಹಾಗೆ ಏನಾದ್ರೂ ಹಚ್ಚಿ ಆಂಟಿ' ಎಂದು ರಾಧೆಯ ಎದುರಿಗೇ ಕೇಳುವ ತಾಯಂದಿರಿದ್ದಾರೆ. ಆ ಮಗು ನನ್ನ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳುವುದನ್ನು ನಾನು ನೋಡಬೇಕಾಗುತ್ತದೆ.

ಎರಡು ವರ್ಷದ ಹಿಂದೆ ಒಂದು ಶಾಲೆಯವರು ನನ್ನನ್ನೇ ತೀರ್ಪುಗಾರಳಾಗಿ ಕರೆದಿದ್ದರು. ಗೌರವ ಕೊಟ್ಟು ಕರೆದರಲ್ಲ ಎಂದು ಸಂತೋಷದಿಂದಲೇ ಹೋದೆ. ಯುಕೆಜಿಯ ಒಂದು ಹೆಣ್ಣುಮಗು ಕಿತ್ತೂರು ಚೆನ್ನಮ್ಮನಾಗಿ ಬಂತು. ಕೈಯಲ್ಲಿ ತನ್ನ ಎತ್ತರದ ಕತ್ತಿ, ಬಾಯಲ್ಲಿ ಕಪ್ಪ ಕೊಡುವುದಿಲ್ಲವೆಂಬ ಉದ್ದನೆಯ ಮಾತು, ಎಲ್ಲೂ ತಡವರಿಸಲಿಲ್ಲ. ಇಳಿದ ಮೇಲೆ ಹತ್ತಿರ ಕರೆದು ನೀರು ಕುಡಿಸಿ, 'ಕಪ್ಪ ಅಂದ್ರೆ ಏನಮ್ಮಾ?' ಎಂದು ಕೇಳಿದೆ. 'ಬ್ಲ್ಯಾಕ್ ಕಲರ್' ಅಂತು. ತಪ್ಪು ಆ ಮಗುವಿನದಲ್ಲ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ನಡೆದದ್ದೇನು, ಈಸ್ಟ್ ಇಂಡಿಯಾ ಕಂಪನಿ ಅಂದರೇನು, ಒಂದು ರಾಣಿ ಯಾಕೆ ಕತ್ತಿ ಹಿಡಿದಳು ಎಂಬುದೆಲ್ಲ ಐದು ವರ್ಷದವರಿಗೆ ತಿಳಿಯುವ ಸಂಗತಿಯಲ್ಲ. ಅವತ್ತು ಮಾತು ಮರೆತು ಸುಮ್ಮನೆ ನಿಂತ ಮಕ್ಕಳಿಗೆ ಪರದೆಯ ಸಂದಿನಿಂದ ಅಮ್ಮಂದಿರು ಹಲ್ಲು ಕಚ್ಚಿ 'ಹೇಳು, ಹೇಳು' ಎನ್ನುತ್ತಿದ್ದರು. ಕೊನೆಗೆ ಮೊದಲ, ಎರಡನೆಯ, ಮೂರನೆಯ ಬಹುಮಾನ ಬರೆಯಿರಿ ಎಂದು ನನ್ನ ಕೈಗೆ ಚೀಟಿ ಕೊಟ್ಟರು. ನಾನು ಎಲ್ಲ ಮಕ್ಕಳ ಹೆಸರನ್ನೂ ಬರೆದುಕೊಟ್ಟು ಬಂದೆ. ಆಮೇಲೆ ಅವರು ಕರೆಯಲಿಲ್ಲ.

ಭಗತ್ ಸಿಂಗ್ ವೇಷಕ್ಕೆ ನೇಣಿನ ಕುಣಿಕೆ ಬೇಕೆಂದು ನನ್ನಲ್ಲಿ ಕೇಳಿದವರಿದ್ದಾರೆ. ಹಗ್ಗದ್ದಲ್ಲವಾದರೆ ದುಪಟ್ಟಾದಲ್ಲಾದರೂ ಮಾಡಿಕೊಡಿ ಎಂದರು. 2022ರ ಅಕ್ಟೋಬರ್ ಕೊನೆಯಲ್ಲಿ ಪಕ್ಕದ ಚಿತ್ರದುರ್ಗದಲ್ಲಿ ಶಾಲೆಯ ಕಾರ್ಯಕ್ರಮಕ್ಕೆಂದು ಮನೆಯಲ್ಲಿ ಇದೇ ದೃಶ್ಯ ಅಭ್ಯಾಸ ಮಾಡುತ್ತಾ ಒಬ್ಬ ಬಾಲಕ ತೀರಿಕೊಂಡ. ಅವನಿಗೆ ಹನ್ನೆರಡು ವರ್ಷ. ನರ್ಸರಿ ಮಗುವಿಗಿಂತ ಎಷ್ಟೋ ತಿಳಿವಳಿಕೆ ಬಂದ ವಯಸ್ಸು. ಆ ಸುದ್ದಿ ಓದಿದ ಮೇಲೂ ಕುಣಿಕೆ ಕೇಳಿಕೊಂಡು ಬಂದಾಗ ನಾನು ಅಂಗಡಿಯಿಂದ ಆಚೆ ಕಳಿಸಿದ್ದೇನೆ. ಯಾವ ವೇಷ ಬೇಕಾದರೂ ಹಾಕಿಸಿ, ಕುತ್ತಿಗೆಗೆ ಬಿಗಿಯುವಂಥದ್ದು ಯಾವುದನ್ನೂ ಹಾಕಿಸಬಾರದು ಎಂದು ನೀವು ಬರವಣಿಗೆಯಲ್ಲೇ ತಿಳಿಸಬೇಕು.

ಖರ್ಚಿನ ಮಾತು. ನನ್ನಲ್ಲಿ ಮಗುವಿನ ವೇಷಕ್ಕೆ ದಿನಕ್ಕೆ 150ರಿಂದ 400 ರೂಪಾಯಿ, ಅದರ ಮೇಲೆ ಠೇವಣಿ. ಕಳೆದ ವರ್ಷ ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 15, 16ಕ್ಕೆ ವೇಷ, 27ಕ್ಕೆ ಗಣೇಶನ ಹಬ್ಬ. ಗಾರ್ಮೆಂಟ್ಸಿಗೆ ಹೋಗುವ, ಮನೆಗೆಲಸ ಮಾಡುವ ತಾಯಂದಿರು ಆ ತಿಂಗಳು ಎರಡು ವೇಷಕ್ಕೆ ಎಲ್ಲಿಂದ ತರಬೇಕು? ಸಂದೇಶ ಬರುವುದಾದರೂ ಯಾವಾಗ? ರಾತ್ರಿ ಎಂಟೂವರೆ, ಒಂಬತ್ತಕ್ಕೆ ವಾಟ್ಸ್ಯಾಪ್ ಗುಂಪಿನಲ್ಲಿ, ನಾಳಿದ್ದಕ್ಕೆ ತರಕಾರಿ ದಿನ, ನಿಮ್ಮ ಮಗು ಬದನೆಕಾಯಿ ಎಂದು. ನಾನು ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ತಟ್ಟೆ ಮುಂದೆ ಕೂತಿರುತ್ತೇನೆ, ಫೋನು ಶುರುವಾಗುತ್ತದೆ. 'ಒಂದು ಬದನೆಕಾಯಿ ಉಳಿಸಿಡಿ ಅಕ್ಕಾ, ಇಲ್ಲಾಂದ್ರೆ ನನ್ನ ಮಗು ಒಬ್ಬನೇ ಯೂನಿಫಾರ್ಮಲ್ಲಿ ನಿಲ್ಲಬೇಕಾಗುತ್ತೆ' ಎಂದು ಅಳುವ ದನಿಯಲ್ಲಿ ಹೇಳಿದ ತಂದೆಯೂ ಇದ್ದಾರೆ. ಆಟೊ ಓಡಿಸುವವರು, ರಾತ್ರಿ ಹತ್ತಕ್ಕೆ ಬಂದು ತೆಗೆದುಕೊಂಡು ಹೋದರು. ಅಂದಹಾಗೆ ಆ ಸ್ಪಂಜಿನ ತರಕಾರಿಗಳ ಒಳಗೆ ಮಗು ಕೂರಲಾಗುವುದಿಲ್ಲ. ಕೂತರೆ ಮಡಚಿಕೊಂಡು ಮುಖಕ್ಕೆ ಬರುತ್ತದೆ. ಅದನ್ನು ಹಾಕಿಕೊಂಡವರು ಮುಗಿಯುವವರೆಗೂ ನಿಂತೇ ಇರಬೇಕು.

ಈಗ ಹೇಳುವುದನ್ನು ಹೇಗೆ ಬರೆಯಬೇಕೆಂದು ಬಹಳ ಯೋಚಿಸಿದೆ. ನಮ್ಮ ಸಹಾಯಕರು ಎಂಬ ದಿನ ಬಹುತೇಕ ಶಾಲೆಗಳಲ್ಲಿ ಇದೆ. ಡಾಕ್ಟರು, ಪೊಲೀಸು, ಅಂಚೆಯಣ್ಣ, ರೈತ, ಪೌರಕಾರ್ಮಿಕರು. ಒಳ್ಳೆಯ ಯೋಚನೆಯೇ. ಒಂದು ಶಾಲೆಯಲ್ಲಿ ಯಾವ ಮಗುವಿಗೆ ಯಾವ ವೇಷ ಎಂದು ಮಿಸ್ ಅವರೇ ಹಂಚಿದ್ದರು. ಬೀದಿ ಗುಡಿಸುವ ಕೆಲಸದಲ್ಲಿರುವ ಒಬ್ಬ ತಾಯಿ ನನ್ನಲ್ಲಿಗೆ ಬಂದು ಡಾಕ್ಟರ್ ಕೋಟು ಕೇಳಿದರು. ಚೀಟಿಯಲ್ಲಿ ಬೇರೆ ಬರೆದಿತ್ತು. ಅವರ ಮಗಳಿಗೆ ಪೌರಕಾರ್ಮಿಕರ ವೇಷ ಕೊಟ್ಟು, 'ನಿಮ್ಮ ಮನೇಲೇ ಇರುತ್ತಲ್ಲ, ಖರ್ಚಿಲ್ಲ' ಅಂದಿದ್ದರಂತೆ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ, ಖರ್ಚು ಉಳಿಸೋಣ ಎಂದೇ ಇರಬಹುದು. ಆದರೆ ಆ ತಾಯಿ, 'ನನ್ನ ಕೆಲಸಕ್ಕೆ ನಂಗೆ ನಾಚಿಕೆ ಇಲ್ಲ ಅಕ್ಕಾ. ಡಾಕ್ಟರ ಮಗಳಿಗೆ ಈ ಹಸಿರು ಕೋಟು ಕೊಟ್ಟು, ನನ್ನ ಮಗಳಿಗೆ ಬಿಳೀ ಕೋಟು ಕೊಟ್ಟಿದ್ರೆ ಏನಾಗ್ತಿತ್ತು' ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಿಮಗೆ ತಲುಪಿಸುತ್ತಿದ್ದೇನೆ. ಕಾಡುಜನರ ವೇಷ ಎಂದು ಎಲೆಯ ಲಂಗ ಕಟ್ಟಿ, ಮೈಗೆ ಮಸಿ ಬಳಿದು, ಹೋ ಹೋ ಎಂದು ಕುಣಿಸುವುದೂ ಇದೇ ಸಾಲಿನದು. ನಮ್ಮದೇ ಜಿಲ್ಲೆಯಲ್ಲಿ ಹಕ್ಕಿಪಿಕ್ಕಿಯವರಿದ್ದಾರೆ, ಕಾಡುಗೊಲ್ಲರಿದ್ದಾರೆ. ಅವರ ಮಕ್ಕಳೂ ನಿಮ್ಮ ತರಗತಿಗಳಲ್ಲಿ ಕೂತಿರಬಹುದು.

ಇಷ್ಟೆಲ್ಲ ಬರೆಯುವಾಗ ಶಿಕ್ಷಕಿಯರ ಮೇಲೆ ಗೂಬೆ ಕೂರಿಸುವ ಉದ್ದೇಶ ನನಗಿಲ್ಲ. ನನ್ನ ಮಗಳೇ ನರ್ಸರಿ ತರಬೇತಿ ಮುಗಿಸಿ ಒಂದು ಶಾಲೆಯಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಕಾರ್ಯಕ್ರಮದ ಹಿಂದಿನ ವಾರ ಅವಳು ರಾತ್ರಿ ಹನ್ನೊಂದರವರೆಗೂ ಥರ್ಮಾಕೋಲ್ ಕತ್ತರಿಸುತ್ತಾ ಕೂರುತ್ತಿದ್ದಳು. ಮಧ್ಯಾಹ್ನದೊಳಗೆ ಪ್ರತಿ ಮಗುವಿನ ಫೋಟೊ ಗುಂಪಿಗೆ ಹಾಕಬೇಕು, ಒಂದು ಮಗುವಿನದು ತಪ್ಪಿದರೆ ಪೋಷಕರ ದೂರು, ದೂರು ಬಂದರೆ ಆಫೀಸಿನಿಂದ ಕರೆ. ಮುಂದಿನ ವರ್ಷದ ಅಡ್ಮಿಷನ್ನಿಗೆ ಈ ಫೋಟೊಗಳೇ ಜಾಹೀರಾತು ಎಂದು ಮೀಟಿಂಗಿನಲ್ಲೇ ಹೇಳುತ್ತಿದ್ದರಂತೆ. ಆದ್ದರಿಂದ ಈ ಪತ್ರವನ್ನು ಮಿಸ್‌ಗಳಿಗಲ್ಲ, ತೀರ್ಮಾನ ಮಾಡುವ ನಿಮಗೇ ಬರೆದಿದ್ದೇನೆ.

ವೇಷ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ವೇಷದಿಂದಲೇ ಬದುಕಿದ ಮನೆ ನಮ್ಮದು. ಗೋಕುಲಾಷ್ಟಮಿಗೆ ಬುರ್ಖಾ ತೊಟ್ಟ ತಾಯಂದಿರು ಬಂದು, ಕೊಳಲು ಮಗುವಿನ ಕೈಗೆ ಸರಿಹೋಗುತ್ತದೆಯೇ ಎಂದು ಹಿಡಿಸಿ ನೋಡಿ ಕೃಷ್ಣನ ವೇಷ ಒಯ್ಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಆ ದಿನದ ಸಂತೋಷವನ್ನು ಯಾರೂ ಕಸಿಯಬಾರದು. ಚಿಕ್ಕ ಮಕ್ಕಳು ಹಿಂದೆ ನಾಟಕದಲ್ಲಿ ಪಾತ್ರ ಮಾಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಮಾಡುತ್ತಿದ್ದರು. ಗುಬ್ಬಿ ಇಲ್ಲಿಂದ ಎಷ್ಟು ದೂರ? 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯಲ್ಲಿ ಗುಬ್ಬಿ ವೀರಣ್ಣನವರೇ ಬಾಲನಟರಾಗಿ ಬಣ್ಣ ಹಚ್ಚಿದವರು. ಆದರೆ ಕಂಪನಿಯ ಮಕ್ಕಳು ಪರದೆಯ ಹಿಂದೆಯೇ ಉಂಡು, ಮಲಗಿ, ತಿಂಗಳುಗಟ್ಟಲೆ ದೊಡ್ಡವರ ಪಾತ್ರ ನೋಡಿ ನೋಡಿ ಬೆಳೆದವರು. ಬಣ್ಣ, ಬೆಳಕು, ಜನ ಎಲ್ಲ ಅವರಿಗೆ ಮನೆಯ ಅಂಗಳದ ಹಾಗೆ. ನಿನ್ನೆಯವರೆಗೆ ವೇದಿಕೆಯನ್ನೇ ನೋಡದ ಮಗುವನ್ನು ತಂದು ಮೈಕಿನ ಮುಂದೆ ನಿಲ್ಲಿಸುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಮಕ್ಕಳು ತಾವಾಗಿಯೇ ವೇಷ ಹಾಕುವುದನ್ನು ನೋಡಬೇಕೆಂದರೆ ನನ್ನ ಅಂಗಡಿಗೆ ಬನ್ನಿ. ಅಮ್ಮ ಬೆಲೆ ಚೌಕಾಸಿ ಮಾಡುತ್ತಿರುವಾಗ ಮಗು ಏನು ಮಾಡುತ್ತದೆ ನೋಡಿ. ಹೋದ ತಿಂಗಳು ಒಂದು ಹುಡುಗಿ, ನಾಲ್ಕು ವರ್ಷ ಇರಬಹುದು, ತಾನು ತೊಡಬೇಕಾದ ಚಿಟ್ಟೆಯ ರೆಕ್ಕೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೂಲೆಯಲ್ಲಿ ನಾನು ಕೈ ಒರೆಸಿ ಹಾಕಿದ್ದ ಟವೆಲನ್ನು ತೆಗೆದುಕೊಂಡಿತು. ಮೊದಲು ತಲೆಗೆ ಹಾಕಿ ಜಡೆ ಮಾಡಿಕೊಂಡಿತು. ಆಮೇಲೆ ಸೊಂಟಕ್ಕೆ ಸುತ್ತಿ, ನನ್ನ ಅಳತೆ ಟೇಪನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಸ್ಟೂಲಿನ ಮೇಲಿದ್ದ ನಮ್ಮ ಯಜಮಾನರ ಎದೆಗೆ ಟೇಪಿನ ತುದಿ ಒತ್ತಿ, 'ಉಸಿರು ಎಳ್ಕೊಳಿ ತಾತ. ಕೆಮ್ಮು ಇದೆ. ಇಂಜೆಕ್ಷನ್ ಬೇಡ, ಸಿರಪ್ ಸಾಕು' ಅಂತು. ಯಾರೂ ಕಲಿಸಿದ್ದಲ್ಲ. ಐದು ನಿಮಿಷದ ಆ ಆಟದಲ್ಲಿ ಅದು ಡಾಕ್ಟರಾಯಿತು, ಕಾಂಪೌಂಡರಾಯಿತು, ರೋಗಿಯ ಹೆಂಡತಿಯೂ ಆಗಿ 'ಹೇಳಿದ್ರೆ ಕೇಳಲ್ಲ ಇವ್ರು' ಎಂದು ದೂರು ಹೇಳಿತು. ಕೊನೆಗೆ ಚಿಟ್ಟೆಯ ರೆಕ್ಕೆ ಕಟ್ಟುವಾಗ ಒಂದು ಮಾತೂ ಆಡದೆ ಕೈ ಅಗಲಿಸಿ ನಿಂತಿತು.

ಮಗಳು ಹೇಳಿದಳು, 2022ರಲ್ಲಿ ಕೇಂದ್ರದವರು ಹೊರತಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಗೆ ಆಟವೇ ಆಧಾರ ಎಂದಿದೆಯಂತೆ, ಹೀಗೆ ಬೇರೆಯವರಾಗಿ ನಟಿಸಿ ಆಡುವ ಆಟವನ್ನೂ ಅದರಲ್ಲಿ ಹೆಸರಿಸಿದ್ದಾರಂತೆ. ನಿಮ್ಮಲ್ಲಿ ಎಷ್ಟೋ ಶಾಲೆಗಳ ಬೋರ್ಡಿನ ಮೇಲೆ ಮಾಂಟೆಸ್ಸರಿ ಎಂದು ಬರೆದಿದೆ. ಆ ಪದ್ಧತಿ ಶುರುಮಾಡಿದ ಮಾರಿಯಾ ಮಾಂಟೆಸ್ಸರಿ ಎಂಬ ತಾಯಿ 1939ರಲ್ಲಿ ನಮ್ಮ ದೇಶಕ್ಕೇ ಬಂದು ವರ್ಷಗಟ್ಟಲೆ ಇದ್ದು ಶಿಕ್ಷಕರಿಗೆ ಕಲಿಸಿದವರು. ಮಗಳ ತರಬೇತಿಯಲ್ಲಿ ಅವರ ಪದ್ಧತಿಯ ಮರದ ಚೌಕಟ್ಟುಗಳಿದ್ದವು. ಒಂದಕ್ಕೆ ಗುಂಡಿ, ಒಂದಕ್ಕೆ ಲಾಡಿ, ಒಂದಕ್ಕೆ ಹುಕ್ಕು. ಮಗು ತನ್ನ ಬಟ್ಟೆಯನ್ನು ತಾನೇ ಹಾಕಿಕೊಳ್ಳಲು ಕಲಿಯಲಿ ಎಂದು ಮಾಡಿದ್ದು. ನನಗೆ ಅದನ್ನು ನೋಡಿ ಬಹಳ ಸಂತೋಷವಾಗಿತ್ತು, ಹೊಲಿಗೆಯವಳಲ್ಲವೇ. ಈಗಿನ ಫ್ಯಾನ್ಸಿ ಡ್ರೆಸ್ಸಿನಲ್ಲಿ ಮಗು ತಾನಾಗಿ ಹಾಕಿಕೊಳ್ಳುವ ಒಂದು ಗುಂಡಿಯೂ ಇರುವುದಿಲ್ಲ. ಪಿನ್ನು ಚುಚ್ಚಿ, ದಾರ ಬಿಗಿದು, ಗಮ್ಮು ಅಂಟಿಸಿ ನಾವೇ ನಿಲ್ಲಿಸುತ್ತೇವೆ.

ಆದ್ದರಿಂದ ನನ್ನ ಮನವಿ ಹೀಗಿದೆ. ಮೊದಲನೆಯದಾಗಿ ವರ್ಷದ ವೇಷದ ದಿನಗಳನ್ನು ಕಡಿಮೆ ಮಾಡಿ. ಎರಡು ಸಾಕು, ಮೂರು ಹೆಚ್ಚು. ಯಾವ ದಿನ ಎಂಬುದನ್ನು ಜೂನ್‌ನಲ್ಲೇ ತಿಳಿಸಿ, ವಿಷಯವನ್ನು ಕನಿಷ್ಠ ಹದಿನೈದು ದಿನ ಮುಂಚೆ ಹೇಳಿ. ವಿಷಯ ಹೇಳಿ, ಪಾತ್ರ ಹಂಚಬೇಡಿ. ಮಳೆಗಾಲ, ಸಂತೆ, ನಮ್ಮ ಮನೆ, ಪ್ರಯಾಣ ಇಂಥವನ್ನು ಇಟ್ಟುಕೊಂಡರೆ ಒಂದು ಕೊಡೆ, ಒಂದು ಕೈಚೀಲ, ಅಜ್ಜನ ಶಾಲು, ಅಕ್ಕನ ದುಪಟ್ಟಾ ಸಾಕು. ಸಂತೆಯ ದಿನ ಮಗು ಸೊಪ್ಪಿನವಳಾದರೂ ಆಗಲಿ, ಬಳೆಗಾರನಾದರೂ ಆಗಲಿ, ಸಂತೆಗೆ ಬಂದ ಹಸುವಾದರೂ ಆಗಲಿ, ಅದೇ ಆರಿಸಿಕೊಳ್ಳಲಿ. ಬಾಡಿಗೆ ವೇಷ ತರಬಾರದು ಎಂದು ಸೂಚನೆಯಲ್ಲೇ ಬರೆಯಿರಿ. ಬಾಡಿಗೆಗೆ ಕೊಡುವ ನಾನೇ ಇದನ್ನು ಕೇಳುತ್ತಿದ್ದೇನೆ.

ಮನೆಯಿಂದಲೇ ವೇಷ ತೊಡಿಸಿ ಕಳಿಸುವುದನ್ನು ನಿಲ್ಲಿಸಿ. ಮಗು ಯೂನಿಫಾರ್ಮಿನಲ್ಲೇ ಬರಲಿ, ತಿಂಡಿ ತಿಂದು, ಬಚ್ಚಲಿಗೆ ಹೋಗಿ ಬಂದ ಮೇಲೆ ಅದರ ಮೇಲೆಯೇ ಹಾಕಿಕೊಳ್ಳುವಂಥದ್ದನ್ನು ಹಾಕಿಕೊಳ್ಳಲಿ. ಅರ್ಧ ಗಂಟೆ ಆಡಲಿ, ಬೇಡವೆನಿಸಿದ ಕ್ಷಣ ತೆಗೆದಿಡಲಿ. ಹಾಕಿಕೊಳ್ಳುವುದೇ ಇಲ್ಲ ಎಂದು ಕೂತ ಮಗುವನ್ನು ಹಾಗೇ ಬಿಡಿ, ಅದು ನೋಡುತ್ತಾ ಕೂರುವುದೂ ಒಂದು ಆಟವೇ. ವೇದಿಕೆ, ಮೈಕು, ಅತಿಥಿ, ಬಹುಮಾನ ನಾಲ್ಕೂ ಬೇಡ. ಕಂಠಪಾಠ ಮಾಡಿಸಿದ ಮಾತಂತೂ ಬೇಡವೇ ಬೇಡ. ಕೇಳಲೇಬೇಕೆಂದರೆ ನೆಲದ ಮೇಲೆ ದುಂಡಗೆ ಕೂರಿಸಿ 'ನೀನು ಯಾರು?' ಎಂದು ಕೇಳಿ, ಅದು ಹೇಳಿದ್ದನ್ನು ಒಪ್ಪಿಕೊಳ್ಳಿ. ಮುಖಕ್ಕೆ ಬಣ್ಣ, ಗಮ್ಮು, ಕುತ್ತಿಗೆಗೆ ದಾರ, ಬೆನ್ನಿಗೆ ಜಿಪ್, ಪಾದದ ಕೆಳಗೆ ಬೀಳುವ ಬಟ್ಟೆ ಇವು ಇರಬಾರದು. ಫೋಟೊ ತೆಗೆಯಲೇಬೇಕಾದರೆ ಮಕ್ಕಳು ಆಡುತ್ತಿರುವಾಗ ದೂರದಿಂದ ಎರಡು ತೆಗೆಯಿರಿ, ಸಾಲಾಗಿ ನಿಲ್ಲಿಸಬೇಡಿ.

ಸಹಾಯಕರ ದಿನ ಮಾಡುವವರಿಗೆ ಇನ್ನೊಂದು ಮಾತು. ಮಕ್ಕಳಿಗೆ ಪೋಸ್ಟ್‌ಮ್ಯಾನ್ ವೇಷ ಹಾಕಿಸುವ ಬದಲು ನಿಮ್ಮ ಬೀದಿಯ ಪೋಸ್ಟ್‌ಮ್ಯಾನನ್ನೇ ಹತ್ತು ನಿಮಿಷ ಕರೆಯಿರಿ. ಅವರ ಚೀಲ ಮುಟ್ಟಿ ನೋಡಲಿ, ಟಪಾಲು ಹಾಕಲಿ. ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ಕಸದ ಗಾಡಿ ತರುವ ಅಕ್ಕನನ್ನು ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಅವರ ಹೆಸರು ಮಕ್ಕಳಿಗೆ ಹೇಳಿ. ಮರುದಿನ ಮಕ್ಕಳು ತಾವಾಗಿಯೇ ಆ ಆಟ ಆಡುತ್ತಾರೆ. ಆಗ ಯಾರು ಯಾವ ಪಾತ್ರ ಎಂಬುದನ್ನು ಅವರೇ ಜಗಳವಾಡಿ ತೀರ್ಮಾನಿಸಿಕೊಳ್ಳಲಿ.

ಬರೀ ಕೇಳಿ ಕೂರುವವಳು ನಾನಲ್ಲ. ಈ ಬೇಸಿಗೆಯಲ್ಲಿ ಅಂಗಡಿಯ ಹಳೆಯ ಬಟ್ಟೆಗಳನ್ನು ಬಿಚ್ಚಿ ಆರು ಪೆಟ್ಟಿಗೆ ತಯಾರು ಮಾಡಿದ್ದೇನೆ. ಒಂದೊಂದರಲ್ಲಿ ಮಗುವಿನ ಅಳತೆಯ ಮುಂಗುಂಡಿಯ ಕೋಟು ನಾಲ್ಕು, ಎಲಾಸ್ಟಿಕ್ ಲಂಗ ನಾಲ್ಕು, ಜರಿ ಅಂಚಿನ ಚೌಕ ಬಟ್ಟೆ ಹತ್ತು, ಪೇಟ, ಟೋಪಿ, ಹೆಗಲ ಚೀಲ, ಬಟ್ಟೆಯ ಬಾಲ ಮೂರು. ಎಲ್ಲವೂ ಹತ್ತಿಯದು, ಒಗೆದದ್ದು, ಪಿನ್ನು ದಾರ ಯಾವುದೂ ಇಲ್ಲ. ಮಾವನವರ ಕಾಲದ ಭೀಮನ ಜರಿ ಶಲ್ಯವೊಂದು ಇತ್ತು, ಅದನ್ನೂ ಕತ್ತರಿಸಿ ಎಲ್ಲ ಪೆಟ್ಟಿಗೆಗೂ ಒಂದೊಂದು ತುಂಡು ಹಾಕಿದ್ದೇನೆ. ಇದನ್ನು ತರಗತಿಯ ಒಂದು ಮೂಲೆಯಲ್ಲಿ ಮುಚ್ಚಳ ತೆರೆದಿಡಿ, ವರ್ಷವಿಡೀ. ನಿಗದಿಯ ದಿನವೇ ಬೇಕಾಗುವುದಿಲ್ಲ.

ಮಂಗಳವಾರ ಅಂಗಡಿ ರಜೆ. ಉಳಿದ ದಿನ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಯಾರಾದರೂ ಬಂದು ಒಯ್ಯಬಹುದು, ಆಯಾ ಬಂದರೂ ಸರಿ. ಬಾಡಿಗೆ ಇಲ್ಲ, ಠೇವಣಿ ಇಲ್ಲ, ಸಹಿಯೂ ಬೇಡ. ಆರು ಖಾಲಿಯಾದರೆ ಇನ್ನಾರು ಹೊಲಿಯುತ್ತೇನೆ. ಹರಿದರೆ ಹೇಳಿ ಕಳಿಸಿ, ರಿಪೇರಿ ಮಾಡಿಕೊಡುತ್ತೇನೆ. ಒದ್ದೆಯಾದರೆ ಹಾಗೇ ಕಳಿಸಿ, ಒಗೆದುಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವೇಷಭೂಷಣ ಬಾಡಿಗೆ ಅಂಗಡಿಯವಳು
ತುಮಕೂರು